ತೊಟ್ಟಿಯ ಮುಚ್ಚಳ

ಮೇಣದ ಹಲಗೆಯ ಮೇಲೆ ಕಡ್ಡಿಯಲ್ಲಿ ಗೀರುವುದು ನನ್ನ ಕಸುಬು.
ಮಾತು ಬಾಯಿಂದ ನೆಲಕ್ಕೆ ಬೀಳುವುದರೊಳಗೆ ಹಿಡಿಯಬೇಕು:
ಒಂದು ಕೊಕ್ಕೆ, ಒಂದು ಚುಕ್ಕೆ.
'ಚಕ್ರವರ್ತಿ' ಎಂಬುದಕ್ಕೆ ಮೂರು ಗೀರು,
'ಒಲ್ಲೆ' ಎಂಬುದಕ್ಕೆ ಒಂದೇ.

ಆ ದಿನ ನೆಯಾಪೊಲಿಸ್ಸಿನ ನ್ಯಾಯಕಟ್ಟೆಯ ಮುಂದೆ ಹನ್ನೊಂದು ಮಂದಿ.
ಏಳನೆಯವಳು ಅರಿಶುತ್,
ಕಡಲ ದಂಡೆಯಲ್ಲಿ ಮೀನು ಉಪ್ಪಿಗೆ ಹಾಕುವ ತೊಟ್ಟಿಗಳ ಆಳು.
ಮೊಣಕೈವರೆಗೂ ಚರ್ಮ ಬಿರಿದು ಬೆಳ್ಳಗೆ.
ಅವಳು ಬಂದು ನಿಂತದ್ದೇ ತಡ
ಅಧಿಪತಿ ಪುದೀನ ಎಲೆ ಹಿಸುಕಿ ಮೂಗಿಗೆ ಹಿಡಿದ.

"ಚಕ್ರವರ್ತಿಯ ಉಪ್ಪುಂಡವಳಲ್ಲವೇ ನೀನು?
ಒಂದು ಚಿಟಿಕೆ ಸಾಂಬ್ರಾಣಿ ಕೆಂಡಕ್ಕೆ ಹಾಕು. ಅಷ್ಟೇ. ಮನೆಗೆ ಹೋಗು."

"ಉಪ್ಪು ಹಾಕುವವಳು ನಾನು, ಒಡೆಯಾ.
ಉಣ್ಣುವವರು ನೀವು."

ಹಿಂದೆ ಯಾರೋ ಕಿಸಕ್ಕನೆ ನಕ್ಕರು.
ಅಧಿಪತಿ ಬೆರಳೆತ್ತಿದ.
ಬೆರಳೆತ್ತಿದರೆ ಬರೆಯಬಾರದು, ಅದು ಕಟ್ಟಳೆ.
ಮೇಣಕ್ಕೆ ಕೂದಲೆಳೆಯಷ್ಟು ಮೇಲೆ ನಿಂತಿತು ನನ್ನ ಕಡ್ಡಿ,
ಇಳಿಯಲೋ ಬೇಡವೋ ಎನ್ನುವ ನೊಣದ ಹಾಗೆ.

ಆ ಬಿಡುವಿನಲ್ಲೇ ಅವಳು ನನ್ನತ್ತ ತಿರುಗಿದಳು.
ಹೇಗೆ ಗುರುತು ಹಿಡಿದಳೋ, ನನ್ನ ತಾಯಿಯ ಪ್ಯೂನಿಕ್ ನುಡಿಯಲ್ಲೇ,
ನಾನು ಮೂವತ್ತು ಮೈಲಿ ಹಿಂದೆ ಬಿಟ್ಟು ಬಂದ ನುಡಿಯಲ್ಲೇ,
"ತಮ್ಮಾ, ಮೂರನೇ ತೊಟ್ಟಿಗೆ ಮುಚ್ಚಳ ಹಾಕಿ ಬರಲಿಲ್ಲ,
ಬಂದು ಎಳಕೊಂಡೇ ಹೋದರು ನೋಡು.
ಬಿಸಿಲೇರಿದರೆ ಹುಳ ಬೀಳುತ್ತೆ.
ಯಾರಿಗಾದರೂ ಹೇಳು."

ಬೆರಳು ಇಳಿಯಿತು.
"ಕ್ರೈಸ್ತಳೇ?"
"ಹೌದು."
ಬರೆದೆ.

ಮುಂದಿನದೆಲ್ಲ ಅಖಾಡದಲ್ಲಿ. ನಾನು ಹೋಗಲಿಲ್ಲ.
ತೊಟ್ಟಿಯ ಕಡೆಗೂ ಹೋಗಲಿಲ್ಲ.
ಸಂಜೆಯೊಳಗೆ ನಾಲ್ಕು ಪ್ರತಿ ತೆಗೆಯುವುದಿತ್ತು.

ನಲವತ್ತು ವರ್ಷ.
ಬೆರಳೆತ್ತಿದವನ ಹೆಸರು ಈಗ ನನಗೊಬ್ಬನಿಗೇ ನೆನಪು.
ಅವಳ ಗೋರಿಗೆ ಮಾತ್ರ ಕಲ್ಲಿನ ಮಾಡು, ನಾಲ್ಕು ಕಂಬ, ಸಾಲುದೀಪ.
ವರ್ಷಕ್ಕೊಮ್ಮೆ ಅದೇ ದಿನ, ಉಪಯಾಜಕ ಕ್ರೆಸ್ಕೋನಿಯಸ್
ಎತ್ತರದ ದನಿಯಲ್ಲಿ ಓದುತ್ತಾನೆ:
ಅವಳ ಹಣೆಗೆ ಬೆಳಕು ಇಳಿಯಿತಂತೆ,
ಚಿರತೆ ಬಂದು ಪಾದ ನೆಕ್ಕಿ ಮಲಗಿತಂತೆ,
ದೇಹದಿಂದ ಗುಲಾಬಿಯ ಕಂಪು ಹೊಮ್ಮಿತಂತೆ.
ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ.
ಯಾರದೋ ಕಂಕುಳಲ್ಲಿ ಇನ್ನೊಬ್ಬಳು ಅರಿಶುತ್
ಹಸಿದು ಚೀರುತ್ತಾಳೆ.

ಸುಳ್ಳು ಎನ್ನಲಾರೆ.
ಚಿರತೆ ನೆಕ್ಕಿದ್ದು ನಿಜವೇ ಇರಬಹುದು,
ಅಷ್ಟು ಉಪ್ಪುಂಡ ಪಾದವನ್ನು ಯಾವ ಪ್ರಾಣಿ ಬಿಟ್ಟೀತು?
ಗುಲಾಬಿ ಮಾತ್ರ, ಇಲ್ಲ.
ಪುದೀನ ಎಲೆಯ ವಿಷಯ ನನಗೆ ಗೊತ್ತು.

ಕಳೆದ ಚಳಿಗಾಲದಲ್ಲಿ ಅವನೇ ಮನೆಗೆ ಬಂದಿದ್ದ.
"ಕಣ್ಣಾರೆ ಕಂಡವರು ನೀವೊಬ್ಬರೇ ಉಳಿದಿದ್ದೀರಿ, ತಾತ.
ಕೊನೆಗೆ ಏನಂದಳು?"
ಮುಚ್ಚಳದ ಮಾತು ಹೇಳಿದೆ.
ತಲೆಯಾಡಿಸಿ ಬರೆದುಕೊಂಡ,
ಮಸಿ ಒಣಗುವ ತನಕ ನೋಡುತ್ತ ಕೂತ,
ಆಮೇಲೆ ಸಣ್ಣ ಚೂರಿ ತೆಗೆದು ಮೆಲ್ಲಗೆ ಹೆರೆದುಹಾಕಿದ.
ಒಳ್ಳೆಯ ಹುಡುಗ. ಚರ್ಮದ ಹಾಳೆ ಹರಿಯದ ಹಾಗೆ ಹೆರೆದ.

ಗೋರಿಯ ಹಾಸುಗಲ್ಲಿನಲ್ಲಿ ಅಂಗೈಯಗಲ ಒಂದು ತೂತಿದೆ,
ಸತ್ತವಳಿಗೂ ಒಂದು ಗುಟುಕು ಇರಲೆಂದು
ಜನ ದ್ರಾಕ್ಷಾರಸ ಸುರಿಯುವುದು ಅದರಲ್ಲೇ.
ಹಬ್ಬ ಮುಗಿದು ಎಲ್ಲರೂ ಹೋದ ಮೇಲೆ
ಬೇಲಿಯ ಬುಡದಿಂದ ಒಂದು ಚಪ್ಪಟೆ ಕಲ್ಲು ತರುತ್ತೇನೆ.
ಸೊಂಟ ಹಿಡಿಯುತ್ತದೆ, ನಡುವೆ ಎರಡು ಸಲ ಕೂರುತ್ತೇನೆ.
ತೂತಿನ ಮೇಲೆ ಎಳೆದು ಮುಚ್ಚುತ್ತೇನೆ.

ಮಾರನೆಯ ದಿನ ಕಾವಲಿನವನು
ಇದು ಯಾರ ಕೆಲಸವೆಂದು ಗೊಣಗುತ್ತ
ತೆಗೆದು ಬಿಸಾಡುತ್ತಾನೆ.